ಒಂದು ಗ್ರೋಸು ಗುಂಡು

ಲೋಭಿಯನ್ನೂ ಮಿತವ್ಯಯಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಲೋಕರೂಢಿಯಾದ ತಪ್ಪು. ಆದರೆ ಇವೆರಡಕ್ಕೂ ಸೇರದ ಮೂರನೆಯ ಜಾತಿಯೊಂದುಂಟೆಂಬುದು, ಗಣಿತದ ಮೇಷ್ಟರು ನಿವೃತ್ತರಾಗಿ ಮೈಸೂರಿನ ಕೃಷ್ಣಮೂರ್ತಿಪುರದ ನಮ್ಮ ಬೀದಿಗೆ ಬಂದು ನೆಲಸುವವರೆಗೆ ನನಗೂ ತಿಳಿದಿರಲಿಲ್ಲ. ಲೋಭಿಯಾದವನು ಖರ್ಚನ್ನೇ ಮಾಡನು. ಮಿತವ್ಯಯಿ ಬೇಕಾದುದಕ್ಕೆ ಬೇಕಾದಷ್ಟು ಮಾಡುವನು. ನಮ್ಮ ಮೇಷ್ಟರಾದರೋ ಅಗ್ಗವೆಂಬ ದೇವತೆಯ ಉಪಾಸಕರಾದ ಕಾರಣ, ಆ ದೇವತೆಯ ಪ್ರೀತ್ಯರ್ಥವಾಗಿ ಎಷ್ಟು ದುಡ್ಡು ಕರಗಿದರೂ ಹಿಂದೆಗೆಯುವವರಲ್ಲ. ಮನೆಗೆ ಹೋದವರಿಗೆ ಎರಡನೆಯ ಲೋಟ ಕಾಫಿಯನ್ನು ಬಲವಂತದಿಂದ ಕುಡಿಸಿಯೇ ಕಳುಹಿಸುವ ಧಾರಾಳಿಯನ್ನು ಜಿಪುಣನೆಂದು ಕರೆದರೆ ನಾಲಗೆಗೆ ದೋಷ ತಟ್ಟೀತು.

ಅವರ ಬಳಿ 1954ರಲ್ಲಿ, ಮದುವೆಯ ಕಾಲಕ್ಕೆ, ಮಾವನವರು ಕೊಡಿಸಿದ ರ‍್ಯಾಲಿ ಸೈಕಲ್ಲೊಂದಿತ್ತು: ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಹಣೆಯ ಮೇಲೆ ಕೊಕ್ಕರೆಯ ಲಾಂಛನವನ್ನು ಧರಿಸಿ, 28 ಇಂಚಿನ ಗಾಲಿಗಳ ಮೇಲೆ ಗಜಗಾಂಭೀರ್ಯದಿಂದ ಸಾಗುವ ಕಪ್ಪು ವಾಹನ. ಇಂಥ ವಾಹನವು ಒಂದು ಮುಂಜಾನೆಯಿಂದ ಬಲಗಡೆಯ ಪೆಡಲು ಕೆಳಗಿಳಿದಾಗಲೆಲ್ಲ 'ಕಟಕ್' ಎಂದು ಆಕ್ಷೇಪವೆತ್ತತೊಡಗಿತು. ಮೇಷ್ಟರು ಅದನ್ನು ರಿಪೇರಿ ಅಂಗಡಿಯ ಸಾಬರ ಮುಂದೆ ನಿಲ್ಲಿಸಿದರು. ಸಾಬರು ಕ್ರ್ಯಾಂಕನ್ನು ಎರಡೇ ಬೆರಳುಗಳಿಂದ, ವೈದ್ಯರು ನಾಡಿ ಹಿಡಿಯುವಂತೆ ಹಿಡಿದು, ಅತ್ತಿತ್ತ ಅಲ್ಲಾಡಿಸಿದರು.

"ಬಿ.ಬಿ. ಆಟ ಆಡ್ತಿದೆ, ಮೇಷ್ಟ್ರೇ. ಆಕ್ಸಲ್ಲು, ಕಪ್ಪು, ಗುಂಡು, ಸೆಟ್ಟೇ ಬದಲಾಯಿಸಿಬಿಡಿ."

ಬಿ.ಬಿ., ಎಂದರೆ ಕ್ರ್ಯಾಂಕಿನ ಆಕ್ಸಲ್ಲು ತಿರುಗುವ ಬಾಟಮ್ ಬ್ರ್ಯಾಕೆಟ್ಟಿನ, ಸೆಟ್ಟನ್ನು ತರಿಸಿದ್ದೂ ಆಯಿತು. ಆದರೆ ಪೇಟೆಯಲ್ಲಿ ದೊರೆಯುವ ಕಪ್ಪಿಗೆ ಇಂಚಿಗೆ 24 ಥ್ರೆಡ್ಡು, ಈ ಕೊಕ್ಕರೆ ಲಾಂಛನದವನ ಕುಲಾಚಾರವಾದರೋ ಇಂಚಿಗೆ 26. ಒಂದೂವರೆ ಸುತ್ತು ತಿರುಗಿ ಕಪ್ಪು ಬಿಗಿದುಕೊಂಡಿತು. ಬಲವಂತ ಮಾಡಬಾರದೆಂದು ಬಲ್ಲ ಸಾಬರು ಅದನ್ನು ಹೊರತೆಗೆದು, ಹಳೆಯ ಕಪ್ಪುಗಳನ್ನೇ ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿನಲ್ಲಿ ನೋಡಿದಾಗ, ಗುಂಡು ಓಡಾಡುವ ದಾರಿಯು ಕನ್ನಡಿಯಂತೆ ಹೊಳೆಯುತ್ತಿತ್ತು, ಆಕ್ಸಲ್ಲಿಗೂ ಊನವಿರಲಿಲ್ಲ. ಸವೆದು, ಚೂರೆದ್ದು, ಸಿಡುಬಿನ ಕಲೆ ತಾಳಿದ್ದುದು ಗುಂಡುಗಳು ಮಾತ್ರ. ಕಾಲು ಇಂಚಿನವು, ಬದಿಗೆ 11ರಂತೆ 22.

ಇಷ್ಟರಲ್ಲಿ ಮುಗಿಯಬೇಕಾಗಿದ್ದ ಕಥೆ ಇಲ್ಲಿಂದಲೇ ಮೊದಲಾಯಿತು. ಗುಂಡಿಗೆ ಬಿಡಿಯಾಗಿ ಕೊಂಡರೆ ಒಂದು ದರ, ಡಜನ್ನಿಗೆ ಒಂದು, ಗ್ರೋಸಿಗೆ ಇನ್ನೊಂದು ಎಂಬ ತ್ರಿವಿಧ ಸತ್ಯವು ಶಿವರಾಂಪೇಟೆಯಲ್ಲಿಯೂ ಸಂತೆಪೇಟೆಯಲ್ಲಿಯೂ ಮೂರು ದಿನ ಅಲೆದ ಬಳಿಕ ಮೇಷ್ಟರಿಗೆ ಗೋಚರವಾಯಿತು. ನಾನು ವ್ಯವಹಾರಜ್ಞನಂತೆ, "ಎರಡು ಡಜನ್ ತೊಗೊಂಡುಬಿಡಿ ಮೇಷ್ಟ್ರೇ," ಎಂದೆ.

"ಇಪ್ಪತ್ತನಾಲ್ಕು!" ಎಂದು ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು, ಅರ್ಧವೃತ್ತದ ಕೋನವನ್ನು ತಪ್ಪಾಗಿ ಹೇಳಿದ ಹುಡುಗನನ್ನು ಹಾಗೆ ನೋಡಿ ಅಭ್ಯಾಸವಾದ ನೋಟ ಅದು. "ಎರಡು ಗುಂಡು ದಂಡವಲ್ಲವೇ ಸ್ವಾಮಿ?"

ಎರಡು ಗುಂಡುಗಳ ಅಪವ್ಯಯವನ್ನು ಸಹಿಸಲಾರದ ಆ ಮಹಾನುಭಾವರು, ಗ್ರೋಸಿನ ದರವು ಬೆಂಗಳೂರಿನಲ್ಲಿ ಇನ್ನೂ ಇಳಿದಿರುವುದೆಂಬ ವಾರ್ತೆಯನ್ನು ಯಾರಿಂದಲೋ ಕೇಳಿ, ಮರುದಿನ ಬೆಳಗಿನ ರೈಲು ಹತ್ತಿ, ಸುಮಾರು 140 ಕಿಲೋಮೀಟರು ಪಯಣಿಸಿ, ಎಸ್.ಪಿ. ರಸ್ತೆಯಲ್ಲಿ ಮೇಲಿನಿಂದ ಕೆಳಗೆ ಎರಡು ಸಲ ನಡೆದು, ಮಧ್ಯಾಹ್ನದ ಊಟವನ್ನು ಹೋಟೆಲಿನಲ್ಲಿ ಪೂರೈಸಿ, ರಾತ್ರಿ ಒಂದು ಗ್ರೋಸು, ಎಂದರೆ 144 ಗುಂಡುಗಳನ್ನು, ಎಣ್ಣೆಯ ಕಾಗದದ ಪೊಟ್ಟಣದಲ್ಲಿ ಎದೆಗವಚಿಕೊಂಡು ಮರಳಿದರು. ಗುಂಡೊಂದಕ್ಕೆ ಉಳಿತಾಯವಾದುದನ್ನು 22ರಿಂದ ಗುಣಿಸಿದರೆ ಅರ್ಧ ಲೋಟ ಕಾಫಿಗೆ ಸಾಲದು. ರೈಲಿನ ಖರ್ಚನ್ನು ನಾನು ಕೇಳಲಿಲ್ಲ. ತೀರ್ಥಯಾತ್ರೆಗೆ ಹೋಗಿ ಬಂದವರೊಡನೆ ಬಸ್ಸಿನ ಚಾರ್ಜು ವಿಚಾರಿಸುವುದುಂಟೆ?

ಅಗ್ಗದ ಉಪಾಸಕರ ಇನ್ನೊಂದು ಲಕ್ಷಣವೆಂದರೆ, ಅಗ್ಗವಾಗಿ ದೊರೆತ ವಸ್ತುವಿನ ಮೇಲೆ ಅವರಿಗೆ ನಂಬಿಕೆಯಿರುವುದಿಲ್ಲ. ಮಾರನೆಯ ದಿನ ಪೊಟ್ಟಣವು ಅಕ್ಕಸಾಲಿಯ ಅಂಗಡಿಗೆ ಹೋಯಿತು. ಕಾಲು ಇಂಚಿನ ಉಕ್ಕಿನ ಗುಂಡು ಒಂದು ಗ್ರಾಮಿಗಿಂತ ಕೂದಲೆಳೆಯಷ್ಟು ಹೆಚ್ಚು ತೂಗುವುದರಿಂದ, ಗ್ರೋಸು 150 ಗ್ರಾಮು ದಾಟಬೇಕೆಂಬುದು ಅವರ ಲೆಕ್ಕ, ದಾಟಿತು. ಬಳಿಕ ಶಾಲೆಯ ಪ್ರಯೋಗಶಾಲೆಯಿಂದ ಎರವಲು ತಂದ ಸ್ಕ್ರೂ ಗೇಜು ಹೊರಬಂತು. ಜಗಲಿಯ ಮೇಲೆ ಚಾಪೆ ಹಾಸಿ ಕುಳಿತು, ಒಂದೊಂದೇ ಗುಂಡನ್ನು ಪಂಚೆಯ ಚುಂಗಿನಿಂದ ಒರಸಿ, ಗೇಜಿನ ಬಾಯಿಗಿಟ್ಟು, ಉಸಿರು ಬಿಗಿಹಿಡಿದು ತಿರುಗಿಸಿ, "ಆರು ಪಾಯಿಂಟು ಮೂರೈದು," ಎಂದು ಮಂತ್ರದಂತೆ ಉಚ್ಚರಿಸುತ್ತಿದ್ದರು. ಎದುರಿಗೆ ಕುಳಿತ ಮೊಮ್ಮಗಳು ಪಟ್ಟಿಯಲ್ಲಿ ಗೀಟು ಎಳೆಯುತ್ತಿದ್ದಳು. ಮೇಷ್ಟರ ಮನೆಯವರು ಒಳಗಿನಿಂದ, "ಊಟ ಆರಿಹೋಗುತ್ತೆ, ಆ ಗುಂಡು ಇನ್ನು ಕರಗೋಲ್ಲ," ಎಂದದ್ದು ಬೀದಿಗೆಲ್ಲ ಕೇಳಿಸಿತು.

ಜೋಡಣೆಯ ದಿನ ನಾನೂ ಹಾಜರಿದ್ದೆ. ಸಾಬರು ಬಲಗಡೆಯ ಕಪ್ಪನ್ನು ಬಿಚ್ಚುವ ಗೋಜಿಗೆ ಹೋಗದೆ (ಅದರ ಥ್ರೆಡ್ಡು ಉಲ್ಟಾ, ತಿಳಿಯದವನು ಬಿಚ್ಚುತ್ತೇನೆಂದು ಬಿಗಿಯುತ್ತಾನೆ), ಹಳದಿ ಗ್ರೀಸನ್ನು ಬೆರಳ ತುದಿಯಿಂದ ಬಳಿದು, ಬೆಣ್ಣೆಯಲ್ಲಿ ದ್ರಾಕ್ಷಿ ಹುದುಗಿಸುವ ನಯದಿಂದ ಗುಂಡುಗಳನ್ನು ಸುತ್ತಲೂ ಕೂರಿಸಿದರು. ಹನ್ನೊಂದಾದ ಮೇಲೂ ಒಂದಿಷ್ಟು ಸಂದು ಉಳಿಯಿತು. ಕೆಲಸ ಕಲಿಯುವ ಹುಡುಗನು ಹನ್ನೆರಡನೆಯದನ್ನು ತುರುಕಲು ಕೈ ನೀಡಿದ. ಸಾಬರು ಸ್ಪಾನರಿನಿಂದ ಅವನ ಬೆರಳಿಗೆ ಮೆಲ್ಲಗೆ ತಟ್ಟಿ, "ಉಸಿರಾಡೋಕೆ ಜಾಗ ಬಿಡೋ," ಎಂದರು. ಆಕ್ಸಲ್ಲು ಕೂತಿತು, ಎಡಗಡೆಯ ಕಪ್ಪು ಹದ ನೋಡಿ ಬಿಗಿಯಿತು, ಕಾಟರ್ ಪಿನ್ನು ಎರಡು ಸುತ್ತಿಗೆಯೇಟಿಗೆ ಒಳಸೇರಿತು. ಕ್ರ್ಯಾಂಕನ್ನು ಕೈಬಿಟ್ಟೊಡನೆ ಅದು ನಿಶ್ಶಬ್ದವಾಗಿ ತೂಗಿ, ತೂಗಿ, ನಿಂತಿತು. ಆ ಕ್ಷಣದಲ್ಲಿ ಮೇಷ್ಟರ ಮುಖದಲ್ಲಿ ಮೂಡಿದ ಕಳೆಯನ್ನು ಕಂಡು, ರೈಲಿನ ಖರ್ಚೂ ಹೆಚ್ಚಾಗಲಿಲ್ಲವೆಂದು ನನಗೇ ತೋರಿತು.

ಆದರೆ 122 ಗುಂಡುಗಳು ಉಳಿದುವು. ಎರಡು ಗುಂಡಿನ ದಂಡಕ್ಕೆ ಹೆದರಿದವರಿಗೆ ರಾತ್ರಿ ನಿದ್ರೆ ಹೇಗೆ ಬಂದೀತು! ಬೀದಿಯ ಐದು ಸೈಕಲ್ಲುಗಳ ಬಿ.ಬಿ.ಗೆ ದಾನ ಮಾಡಿದರೆ 110 ಹೋಗಿ 12 ಉಳಿಯುವುದು. ಹಿಂದಿನ ಗಾಲಿಯ ಹಬ್ಬಿಗೂ ಇದೇ ಅಳತೆಯ ಗುಂಡು, ಬದಿಗೆ 9ರಂತೆ 18. ಅಲ್ಲಿಯೂ 12 ಸಾಲದು. ಎರಡನ್ನೂ ಬೆರಸಿ ಎಷ್ಟು ಬಗೆಯಲ್ಲಿ ಹಂಚಿದರೂ 122 ನಿಶ್ಶೇಷವಾಗಲೊಲ್ಲದು. ಮೊದಲೇ ಇಡೀ ಗ್ರೋಸನ್ನು ಎಂಟು ಹಿಂದಿನ ಹಬ್ಬುಗಳಿಗೆ ಹಾಕಿದ್ದರೆ 144 ಸರಿಯಾಗಿ ಮುಗಿಯುತ್ತಿತ್ತೆಂದೂ, ಒಂದೇ ಗ್ರೋಸು ಕೊಂಡವನು ಒಂದೂ ಬಿ.ಬಿ.ಯನ್ನು ಮುಟ್ಟದಿದ್ದರೆ ಮಾತ್ರ ಶೇಷರಹಿತನಾಗುವನೆಂದೂ ಕಂಡುಹಿಡಿದ ದಿನ, ಅವರು ಕಾಫಿಯನ್ನೂ ಕುಡಿಯಲಿಲ್ಲವೆಂದು ಕೇಳಿದೆ.

ಮೂರನೆಯ ದಿನ ಮುಂಜಾನೆ ನಮ್ಮ ಗೇಟು ಸದ್ದಾಯಿತು. ಮೇಷ್ಟರ ಕಣ್ಣು ಕೆಂಪಾಗಿದ್ದರೂ ಮುಖ ಅರಳಿತ್ತು. ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ.

"ಸಿಕ್ಕಿತು ಸ್ವಾಮಿ! ಇನ್ನೊಂದು ಗ್ರೋಸು ತಂದರೆ 266. ಎಂಟು ಬಿ.ಬಿ., ಐದು ಹಿಂದಿನ ಹಬ್ಬು. ಒಂದು ಗುಂಡೂ ಉಳಿಯೋಲ್ಲ. ಬೀದಿಯಲ್ಲಿ ಏಳು ಬಿ.ಬಿ. ಒಪ್ಪಿಸಿದ್ದೇನೆ. ಎಂಟನೆಯದು ತಮ್ಮದು."

"ನನ್ನ ಸೈಕಲ್ಲು ಸದ್ದೇ ಮಾಡೋಲ್ಲವಲ್ಲ, ಮೇಷ್ಟ್ರೇ!"

ಅವರು ಮಾತನಾಡಲಿಲ್ಲ. ಗೋಡೆಗೊರಗಿಸಿದ್ದ ನನ್ನ ಸೈಕಲ್ಲಿನ ಹಿಂದಿನ ಗಾಲಿಯನ್ನು ಎಡಗೈಯಿಂದ ಎತ್ತಿ, ಬಲಗೈಯಿಂದ ಪೆಡಲು ತಿರುಗಿಸಿ, ಸೀಟಿಗೆ ಕಿವಿಯಾನಿಸಿ, ಕಣ್ಣುಮುಚ್ಚಿ, ಬಹಳ ಹೊತ್ತು ಆಲಿಸಿದರು. ಒಳಗಿನಿಂದ ಏನೂ ಕೇಳಿಸದಿರಲು ಗಾಲಿಯನ್ನು ಇಳಿಸಿ, ಜೇಬಿನಿಂದ ಪೆನ್ಸಿಲು ತೆಗೆದು ನಾಲಗೆಗೆ ತಾಗಿಸಿದರು.

"ಹಾಗಾದರೆ ತಮ್ಮನ್ನು ಹಬ್ಬಿನ ಪಟ್ಟಿಗೆ ಹಾಕಿಕೊಳ್ಳುತ್ತೇನೆ," ಎಂದು ಬರೆದುಕೊಂಡು, ರೈಲಿಗೆ ಹೊತ್ತಾಯಿತೆಂದು ಹೊರಟರು.