180 ದಿನಗಳ ನಂಬಿಕೆ: ಕೆಎಂಎಸ್ ಸರ್ವರ್ ಮಹಾಶಯರಿಗೆ ಒಂದು ಬಹಿರಂಗ ಪತ್ರ

ಶ್ರೀಮಾನ್ ಕೀ ಮ್ಯಾನೇಜ್‌ಮೆಂಟ್ ಸರ್ವೀಸ್ ಸರ್ವರ್ ಅವರ ಸನ್ನಿಧಾನಕ್ಕೆ,

ಹಿಂಜೆವಾಡಿಯ ಗಾಜಿನ ಕಟ್ಟಡಗಳಿಂದ ಹಿಡಿದು ಭೋಸರಿಯ ಕಾರ್ಖಾನೆಗಳ ಲೆಕ್ಕಪತ್ರ ವಿಭಾಗದವರೆಗೆ, ಪುಣೆಯ ಎಷ್ಟೋ ಕಂಪ್ಯೂಟರ್‌ಗಳ ವಿಂಡೋಸ್ ತಾವು ಹೂಂ ಅಂದರಷ್ಟೇ ಅಸಲಿ. ಕಂಪನಿ ದುಡ್ಡು ಕಟ್ಟಿ ವಾಲ್ಯೂಮ್ ಲೈಸೆನ್ಸ್ ಕೊಂಡಿದ್ದರೂ ತಾವು ಒಂದು ಯಂತ್ರವನ್ನು ನಂಬುವುದು ಬರೀ 180 ದಿನ. ಅಷ್ಟರೊಳಗೆ ಅದು ಏಳು ದಿನಕ್ಕೊಮ್ಮೆ 1688ನೇ ಪೋರ್ಟಿನ ಬಾಗಿಲಿಗೆ ಬಂದು ಹಾಜರಿ ಹಾಕಬೇಕು. ಜಾಮೀನಿನ ಮೇಲೆ ಹೊರಗಿರುವ ಆರೋಪಿ ಠಾಣೆಗೆ ಹೋಗಿ ಸಹಿ ಹಾಕಿ ಬರುವ ಹಾಗೆ.

ಹಾಜರಿ ತಪ್ಪುತ್ತಾ ಹೋಗಿ ಗಡುವು ಮುಗಿದರೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಎಂಬ ಮಂಕು ಅಕ್ಷರಗಳು ಮೂಡುತ್ತವೆ. ಕೆಲಸವೇನೂ ನಿಲ್ಲುವುದಿಲ್ಲ. ಮೇಲ್ ಹೋಗುತ್ತದೆ, ಬ್ರೌಸರ್ ತೆರೆಯುತ್ತದೆ, ಸೆಟ್ಟಿಂಗ್ಸಿನಲ್ಲಿ ವಾಲ್‌ಪೇಪರ್ ಬದಲಿಸಲು ಮಾತ್ರ ಬಿಡುವುದಿಲ್ಲ. ಆದರೆ ಮ್ಯಾನೇಜರ್ ಸಾಹೇಬರು ಗ್ರಾಹಕರ ಮುಂದೆ ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಅದೇ ಅಕ್ಷರಗಳು ಗೋಡೆಯ ಮೇಲೆ ಮೊಣಕೈ ಉದ್ದ ಕಾಣುತ್ತವೆ. ‘ಕಾಯ್ ಝಾಲಂ ರೇ?’ (ಏನಾಯ್ತೋ?) ಎಂಬ ಕೂಗು ಏಳುವುದೇ ಆಗ.

ಕೂಗಿಗೆ ಓಡಿ ಬರುವವನು ಐಟಿ ಹುಡುಗ. ಪುಣೆಯಲ್ಲಿ ಅವನು ವಿಜಯಪುರದ ಕಡೆಯವನೂ ಆಗಿರಬಹುದು, ಬೆಳಗಾವಿಯವನೂ ಆಗಿರಬಹುದು. ಸಾಹೇಬರಿಗೆ ಮರಾಠಿಯಲ್ಲಿ ಸಮಾಧಾನ ಹೇಳಿ, ‘ಏನಾಗೇತಿ ಇದಕ್ಕ’ ಎಂದು ಕನ್ನಡದಲ್ಲಿ ಗೊಣಗಿ, ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿ ತೆರೆದು ‘ಎಸ್‌ಎಲ್‌ಎಂಜಿಆರ್ /ಎಟಿಒ’ ಎಂದು ಕುಟ್ಟುತ್ತಾನೆ. ಬರುವ ಉತ್ತರ: 0ಎಕ್ಸ್‌ಸಿ004ಎಫ್074. ತಾವು ಸಿಗಲಿಲ್ಲ ಎಂಬುದನ್ನು ಇಷ್ಟು ಗಂಭೀರವಾಗಿ ಹೇಳಲು ಸರ್ಕಾರಿ ಕಚೇರಿಯ ಜವಾನರಿಗೂ ಬರುವುದಿಲ್ಲ.

ಸಿಗದಿರಲು ಕಾರಣಗಳೋ, ಒಂದಕ್ಕಿಂತ ಒಂದು ಕ್ಷುಲ್ಲಕ. ಲ್ಯಾಪ್‌ಟಾಪ್ ವಿಪಿಎನ್‌ನಿಂದ ಹೊರಗಿದ್ದರೆ ಕಂಪನಿಯ ಡಿಎನ್‌ಎಸ್‌ನಲ್ಲಿರುವ ತಮ್ಮ ವಿಳಾಸವೇ ಅದಕ್ಕೆ ತಿಳಿಯದು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂತು, ಲ್ಯಾಪ್‌ಟಾಪ್‌ಗಳು ಮನೆ ಸೇರಿದವು. ಅಲ್ಲಿಂದ 180 ದಿನ ಎಣಿಸಿದರೆ ಸೆಪ್ಟೆಂಬರ್ 21. ಆ ವರ್ಷ ಗಣಪತಿಯೇ ಮೆರವಣಿಗೆಯಿಲ್ಲದೆ ಬಂದು ಹೋದ. ಇಡೀ ಊರು ಗೃಹಬಂಧನದಲ್ಲಿದ್ದಾಗಲೂ ತಮ್ಮ ಗಡುವು ಮಾತ್ರ ಒಂದು ದಿನವೂ ಜರುಗಲಿಲ್ಲ.

ಇನ್ನು ಗಡಿಯಾರ. ಯಂತ್ರದ ಸಮಯಕ್ಕೂ ತಮ್ಮ ಸಮಯಕ್ಕೂ ನಾಲ್ಕು ಗಂಟೆಗಿಂತ ಹೆಚ್ಚು ಅಂತರವಿದ್ದರೆ ಅರ್ಜಿ ತಿರಸ್ಕೃತ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ನಾಣ್ಯದಗಲದ ಸಿಆರ್2032 ಬ್ಯಾಟರಿ ಕೂತಿರುತ್ತದೆ. ಅದು ಸತ್ತರೆ ಕರೆಂಟು ಹೋಗಿ ಬಂದಾಗ ಯಂತ್ರ ಹತ್ತಾರು ವರ್ಷ ಹಿಂದಕ್ಕೆ ಜಾರುತ್ತದೆ. ಹುಡುಗ ಕ್ಯಾಬಿನೆಟ್ ಬಿಚ್ಚಿ, ಧೂಳು ಊದಿ, ಉಗುರಿನಿಂದ ಹಳೆಯದನ್ನು ಎಬ್ಬಿಸಿ ಹೊಸದನ್ನು ಒತ್ತುತ್ತಾನೆ, ಸಮಯ ಸರಿಪಡಿಸುತ್ತಾನೆ. ಲೈಸೆನ್ಸ್ ತಾನಾಗಿ ಅಸಲಿಯಾಗುತ್ತದೆ! ‘ನಿನ್ನ ಗಡಿಯಾರ ತಪ್ಪಿದೆ’ ಎಂದು ಪರದೆಯ ಮೇಲೆ ಒಂದು ಸಾಲು ಹಾಕಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು?

ತಮ್ಮ ಜನಗಣತಿಯದು ಬೇರೆಯೇ ಕಥೆ. ಕನಿಷ್ಠ 25 ಕಂಪ್ಯೂಟರ್‌ಗಳು ಬಂದು ಕೇಳುವವರೆಗೆ ತಾವು ಒಂದಕ್ಕೂ ಒಪ್ಪಿಗೆ ಕೊಡುವುದಿಲ್ಲ. 24 ಯಂತ್ರಗಳ ಕಚೇರಿ ಎಷ್ಟೇ ಪ್ರಾಮಾಣಿಕವಾಗಿರಲಿ, ತಮ್ಮ ಮಟ್ಟಿಗೆ ಕೋರಂ ಇಲ್ಲ. ಸಾಲದ್ದಕ್ಕೆ, ಹೊಸ ಯಂತ್ರಗಳು ಬಂದಾಗ ಒಂದನ್ನು ಸಿದ್ಧಮಾಡಿ ಉಳಿದವಕ್ಕೆ ಅದರ ಇಮೇಜ್ ಇಳಿಸುವುದು ಎಲ್ಲೆಡೆಯ ರೂಢಿ. ಅದಕ್ಕೂ ಮೊದಲು ಸಿಸ್‌ಪ್ರೆಪ್ ಎಂಬ ಉಪಕರಣದಲ್ಲಿ ‘ಜನರಲೈಸ್’ ಮಾಡಲು ಮರೆತರೆ ನಲವತ್ತು ಯಂತ್ರಗಳಿಗೂ ಒಂದೇ ಗುರುತು. ನಲವತ್ತೂ ಸಾಲಾಗಿ ಬಂದು ನಿಂತರೂ ತಮ್ಮ ವಹಿಯಲ್ಲಿ ಒಂದೇ ತಲೆ.

ಈ ಗೋಳಿಗೆ ರೋಸಿದವರಿಗೆಂದೇ ತಮ್ಮ ವೇಷಧಾರಿಗಳಿದ್ದಾರೆ. ಕೆಎಂಎಸ್‌ಪಿಕೊ ಎಂಬುದು ಯಂತ್ರದೊಳಗೇ ನಕಲಿ ಸರ್ವರ್ ಆಗಿ ಕೂತು ‘ಹೌದು, ಅಸಲಿ’ ಎನ್ನುತ್ತದೆ. ತಲೆ ಎಣಿಸುವುದಿಲ್ಲ, ತಕರಾರು ತೆಗೆಯುವುದಿಲ್ಲ. ಅದರ ಇನ್‌ಸ್ಟಾಲರಿನ ಸೋಗಿನಲ್ಲಿ ಪಾಸ್‌ವರ್ಡ್ ಕದಿಯುವ ಕ್ರಿಪ್ಟ್‌ಬಾಟ್ ಹರಡುತ್ತಿದೆ ಎಂದು ರೆಡ್ ಕ್ಯಾನರಿ ಎಂಬ ಭದ್ರತಾ ಸಂಸ್ಥೆ 2021ರ ಡಿಸೆಂಬರ್‌ನಲ್ಲಿ ಎಚ್ಚರಿಸಿತ್ತು. ಕಾನೂನಿನ ಭಯವೂ ಇದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮ್ ಒಂದು ಸಾಹಿತ್ಯ ಕೃತಿ (ಜ್ಞಾನಪೀಠಕ್ಕೆ ಇನ್ನೂ ಯಾರೂ ಶಿಫಾರಸು ಮಾಡಿದಂತಿಲ್ಲ). ಕಳ್ಳಪ್ರತಿ ಎಂದು ಗೊತ್ತಿದ್ದೂ ವ್ಯಾಪಾರಕ್ಕೆ ಬಳಸಿದರೆ 63ಬಿ ಕಲಮಿನಡಿ 7 ದಿನದಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಆದರೂ 2017ರಲ್ಲಿ ಭಾರತದ ಕಂಪ್ಯೂಟರ್‌ಗಳಲ್ಲಿದ್ದ ಸಾಫ್ಟ್‌ವೇರಿನ ಶೇ. 56ರಷ್ಟು ಲೈಸೆನ್ಸ್ ಇಲ್ಲದ್ದು ಎಂದು ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟ ಬಿಎಸ್‌ಎ ಅಂದಾಜು ಮಾಡಿತ್ತು. ತಮಾಷೆಯೆಂದರೆ, ತಾವು ಮೂಲೆಯಲ್ಲಿ ಅಕ್ಷರ ಬರೆದು ಮಾನ ಕಳೆಯುವುದು ದುಡ್ಡು ಕಟ್ಟಿದವರದ್ದು. ಕ್ರ್ಯಾಕ್ ಹಾಕಿದವರ ಪರದೆ ಮೂಲೆಮೂಲೆಯೂ ಸ್ವಚ್ಛ.

ದೂರದವರೆಂದು ತಮ್ಮನ್ನು ಕ್ಷಮಿಸೋಣವೆಂದರೆ ಅದೂ ಸಾಧ್ಯವಿಲ್ಲ. ಒಡೆಯರಾದ ಮೈಕ್ರೋಸಾಫ್ಟಿನವರ ‘ಸೆಂಟ್ರಲ್ ಇಂಡಿಯಾ’ ಡೇಟಾ ಸೆಂಟರ್ 2015ರಿಂದ ಇದೇ ಪುಣೆಯಲ್ಲಿದೆ. ಅವರ ಮುಖ್ಯಸ್ಥ ಸತ್ಯ ನಾದೆಳ್ಳ ಎಂಜಿನಿಯರಿಂಗ್ ಓದಿದ್ದು ನಮ್ಮ ಮಣಿಪಾಲದಲ್ಲಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಆರೈಕೆಯೂ ನಿಂತಿತು. ವರ್ಷಗಟ್ಟಲೆ ತಪ್ಪದೆ ಹಾಜರಿ ಹಾಕಿದ ಎಷ್ಟೋ ಯಂತ್ರಗಳಿಗೆ, ಪ್ರೊಸೆಸರ್ ಹಳೆಯದೆಂಬ ಕಾರಣಕ್ಕೆ, ವಿಂಡೋಸ್ 11 ಇಲ್ಲ. ಅವಕ್ಕೆ ಭದ್ರತಾ ಅಪ್‌ಡೇಟ್ ಬೇಕಾದರೆ ಕಂಪನಿಗಳು ಮೊದಲ ವರ್ಷ ತಲಾ 61 ಡಾಲರ್ ಕಟ್ಟಬೇಕು, ಮುಂದೆ ವರ್ಷ ವರ್ಷವೂ ಅದರ ಇಮ್ಮಡಿ. ಕಟ್ಟಿದವರಿಗೆ ಒಂದು ಹೊಸ ಕೀ ಸಿಗುತ್ತದೆ. ಅದನ್ನೂ ಆ್ಯಕ್ಟಿವೇಟ್ ಮಾಡಬೇಕು, ಅದೇ ಎಸ್‌ಎಲ್‌ಎಂಜಿಆರ್‌ನಿಂದ.

ಇಂತಿ,
ಪುಣೆಯ ಐಟಿ ಹುಡುಗರ ಪರವಾಗಿ