ಚಿಪ್ಪು ಯಾರದು, ಕೊಬ್ಬರಿ ಯಾರದು

ನಮ್ಮ ಮನೆಯ ಅಟ್ಟದಲ್ಲಿ ಸದಾ ಏಳೆಂಟು ಸಾವಿರ ಕಾಯಿ ಮಲಗಿರುತ್ತವೆ. ಅದರ ಕೆಳಗಿನ ಕೋಣೆ ನನ್ನ ಆಫೀಸು. ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಓಡಿಬಂದು ತುರುವೇಕೆರೆ ಮಗ್ಗುಲಿನ ಈ ಊರಲ್ಲಿ ಕುಳಿತವನು ಇನ್ನೂ ಎದ್ದಿಲ್ಲ. ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್. ನನ್ನ ಬೆರಳಿಗೆ ರೂಢಿಯಾಗಿರುವುದು ಗ್ರೆಪ್, ಸೆಡ್, ಆಕ್ ಎಂಬ ಯುನಿಕ್ಸ್ ಕುಲದ ಸಲಕರಣೆಗಳು. ಈ ಎರಡು ಮನೆತನಗಳಿಗೆ ಗಣಕೂಟ ಕೂಡಿಬರುವುದು ಕಷ್ಟ. ಫೋಲ್ಡರುಗಳ ನಡುವಿನ ಓರೆಗೆರೆ ಯುನಿಕ್ಸಿನಲ್ಲಿ ಬಲಕ್ಕೆ ವಾಲಿದರೆ ವಿಂಡೋಸಿನಲ್ಲಿ ಎಡಕ್ಕೆ.

ಮೊದಲು, ವಿಂಡೋಸಿನಲ್ಲೇ ಯುನಿಕ್ಸ್ ಸಲಕರಣೆ ಓಡಿಸುವ ಸಿಗ್‌ವಿನ್ ಹಾಕಿದೆ. 1995ರಲ್ಲಿ ಹುಟ್ಟಿದ ಹಳೇ ತಳಿ. ಏಣಿ ಒಯ್ಯಲು ಬಂದ ಅಪ್ಪ ಕಪ್ಪು ಪರದೆ ನೋಡಿ ನಿಂತರು.

"ಏನೋ ಇದು?"

"ಶೆಲ್ ಅಂತಾರಪ್ಪ. ಶೆಲ್ ಅಂದ್ರೆ ಚಿಪ್ಪು. ನಾವು ಹೇಳಿದ್ದನ್ನ ಒಳಗಿರೋ ಕರ್ನಲ್‌ಗೆ ಮುಟ್ಟಿಸುತ್ತೆ. ಕರ್ನಲ್ ಅಂದ್ರೆ ತಿರುಳು, ಕೊಬ್ಬರಿ ಅಂದ್ಕೊ."

ಐವತ್ತು ವರ್ಷ ಕೊಬ್ಬರಿಯಲ್ಲೇ ಕಳೆದ ಮನುಷ್ಯ. ಏಣಿ ಬಿಟ್ಟು ಕುಳಿತೇಬಿಟ್ಟರು. "ಸರಿ, ಇದ್ರಲ್ಲಿ ಕೊಬ್ಬರಿ ಎಲ್ಲೈತೆ?"

ಯುನಿಕ್ಸ್ ಕುಲದ ಲಿನಕ್ಸಿನ ಕರ್ನಲ್ ಇದರಲ್ಲಿಲ್ಲ, ಯುನಿಕ್ಸ್ ಸಲಕರಣೆಗಳ ಮಾತನ್ನು ವಿಂಡೋಸಿಗೆ ತಿಳಿಯುವಂತೆ ತಿರುಗಿಸಿ ಹೇಳುವ ಒಂದು ಡಿಎಲ್‌ಎಲ್ ಫೈಲಿದೆ ಅಷ್ಟೆ ಎಂದೆ.

"ಅಂದ್ರೆ ನಿನ್ ಕೈಗೆ ಚಿಪ್ಪು ಕೊಟ್ಟವ್ರೆ" ಎಂದು ಏಣಿ ಹೊತ್ತು ಹೋದರು.

ಅನ್ಯಾಯದ ಮಾತು. ಆ ಚಿಪ್ಪಿನಲ್ಲೇ ನಾನು ಎರಡು ವರ್ಷ ಉಂಡೆ. ಎಡವಟ್ಟೆಲ್ಲ ನನ್ನದೇ. ನೋಟ್‌ಪ್ಯಾಡಿನಲ್ಲಿ ಬರೆದ ಸ್ಕ್ರಿಪ್ಟು ಓಡಿಸಹೋದರೆ ಬ್ಯಾಶ್ ಎಂಬ ಆ ಶೆಲ್ ರಚ್ಚೆ ಹಿಡಿಯಿತು. ಕಣ್ಣಿಗೆ ತಪ್ಪೇ ಕಾಣದು. ಹಳೆಯ ಟೆಲಿಟೈಪ್ ಯಂತ್ರದಲ್ಲಿ ಅಚ್ಚಿನ ತಲೆ ಎಡತುದಿಗೆ ಮರಳುವುದು ಒಂದು ಕೆಲಸ, ಕಾಗದ ಒಂದು ಸಾಲು ಸರಿಯುವುದು ಇನ್ನೊಂದು. ಯಂತ್ರ ಗುಜರಿಗೆ ಹೋಗಿ ಕಾಲವಾಯಿತು; ವಿಂಡೋಸ್ ಮಾತ್ರ ಸಾಲಿನ ಕೊನೆಗೆ ಇವತ್ತಿಗೂ 13, 10 ಎಂಬ ಎರಡು ಗುಟ್ಟಿನ ಸಂಕೇತ ಇಡುತ್ತದೆ. ಯುನಿಕ್ಸಿಗೆ 10 ಒಂದೇ ಸಾಕು, 13 ಕಂಡರೆ ಮೈಲಿಗೆ. ಉಂಡೆ ಕೊಬ್ಬರಿ ವ್ಯಾಪಾರವೂ ಹೀಗೇ: ಉಂಡೆ ಉಂಡೆಯಾಗಿಯೇ ಇದ್ದರೆ ಬೆಲೆ, ಒಳಗಿನ ಬೂಸ್ಟು ಒಡೆದ ಮೇಲೇ ಗೊತ್ತು. ತಿಪಟೂರು ಮಾರುಕಟ್ಟೆಗೆ ಹೋಗಿಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಡಬ್ಲ್ಯುಎಸ್‌ಎಲ್‌ಗೆ, ಅಂದರೆ ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಏರ್ಪಾಡಿಗೆ, ಹೊರಳಿದೆ. 2016ರ ಮೊದಲ ಅವತಾರದಲ್ಲೂ ಕೊಬ್ಬರಿ ಇರಲಿಲ್ಲ. 2019ರಲ್ಲಿ ಪ್ರಕಟಿಸಿದ ಎರಡನೆಯದರಲ್ಲಿ ಲಿನಕ್ಸಿನ ಅಸಲಿ ಕರ್ನಲ್ಲೇ ವಿಂಡೋಸಿನ ಹೊಟ್ಟೆಯೊಳಗೆ ಕೂತಿತು. ಒಂದೇ ಸಾಲಿನ ಆಜ್ಞೆ ಸಾಕು ಎನ್ನುತ್ತಾರೆ. ನನಗೆ ಮೂರು ದಿನ ಹಿಡಿಯಿತು. ಮೊದಲ ದಿನ, ವರ್ಚುವಲೈಸೇಶನ್ ಆಫ್ ಆಗಿದೆ ಎಂಬ ತಕರಾರು. ಬಯೋಸಿನೊಳಗೆ ಹೋಗಿ ಅದನ್ನು ಆನ್ ಮಾಡಿದೆ. ಎರಡನೆಯ ದಿನ, ಡೌನ್‌ಲೋಡು ಅರ್ಧವಾಗಿದ್ದಾಗ ಕರೆಂಟು ಹೋಯಿತು. ಮತ್ತೆ ಬಂದದ್ದು ರಾತ್ರಿ, ಅದೂ ಅಪ್ಪ ಮೋಟಾರು ಹಾಕಲು ತೋಟಕ್ಕೆ ಓಡುವ ಹೊತ್ತಿಗೆ. ನಾನೂ ಬ್ಯಾಟರಿ ಹಿಡಿದು ಹಿಂದೆ ಹೋಗಬೇಕಾಯಿತು.

ಮೂರನೆಯ ದಿನ ಅಪ್ಪ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ಹತ್ತು ಹನ್ನೆರಡು ತಿಂಗಳು ಮಟ್ಟೆಯೊಳಗೇ ಮಲಗಿ, ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನ ಸಂಗ ಬಿಟ್ಟಿರಬೇಕು. ಅಪ್ಪ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಗಡಗಡ ಎಂದರೆ ಸುಲಿಯುವ ರಾಶಿಗೆ, ಇಲ್ಲದಿದ್ದರೆ ವಾಪಸು ಅಟ್ಟಕ್ಕೆ.

"ನಿಂದು ಬಂತಾ ಕೊಬ್ಬರಿ?"

"ಬಂತಪ್ಪ. ಚಿಪ್ಪು, ಕೊಬ್ಬರಿ ಎರಡೂ ಲಿನಕ್ಸಿಂದು. ಹೊರಗಿನ ಮಟ್ಟೆ ಮಾತ್ರ ವಿಂಡೋಸಿಂದು."

ಒಳಗೆ ಎರಡು ಸಂಸಾರ ನಡೆಸುತ್ತಿದ್ದ ಲ್ಯಾಪ್‌ಟಾಪಿನ ಫ್ಯಾನು ಗುಯ್‌ಗುಡುತ್ತಿತ್ತು. ಅಪ್ಪ ಕೈ ಒರೆಸಿಕೊಂಡು ಅದನ್ನು ಎತ್ತಿ ಕಿವಿಗಿಟ್ಟು ಮೆಲ್ಲಗೆ ಅಲ್ಲಾಡಿಸಿದರು.

"ಇನ್ನೂ ನೀರೈತೆ ಕಣೋ" ಎಂದರು.