ಶುದ್ಧ ನೈಸರ್ಗಿಕ ವಿಷ

'ಕೆಮಿಕಲ್ ಬೇಡ, ನೈಸರ್ಗಿಕ ಕಳೆನಾಶಕ ಬಳಸಿ' ಎಂಬ ಜಾಹೀರಾತು ಕಂಡಾಗಲೆಲ್ಲ ನನಗೆ ಕಣಗಿಲೆ ನೆನಪಾಗುತ್ತದೆ. ಅದೂ ನೈಸರ್ಗಿಕವೇ. ಕಾಸರಕ, ದತ್ತೂರಿಯೂ ಅಷ್ಟೆ. ಯಾವುದಕ್ಕೂ ಕಾರ್ಖಾನೆಯ ಸೋಂಕಿಲ್ಲ. ತಿಂದವನು ಅಪ್ಪಟ ಸಾವಯವ ಪದ್ಧತಿಯಲ್ಲೇ ತೀರಿಕೊಳ್ಳುತ್ತಾನೆ.

ನೈಸರ್ಗಿಕ ಕಳೆನಾಶಕವೇ ಬೇಕೆಂದರೆ ದೂರ ಹೋಗಬೇಕಿಲ್ಲ, ರಸ್ತೆ ಬದಿಯಲ್ಲೇ ಪಾರ್ಥೇನಿಯಂ ಇದೆ. ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಸರ್ಕಾರ ಯಾವ ಪಕ್ಷದ್ದೇ ಇರಲಿ, ಇದರ ಬಹುಮತಕ್ಕೆ ಧಕ್ಕೆಯಿಲ್ಲ. ಪಾರ್ಥೆನಿನ್ ಎಂಬ ರಸಾಯನವನ್ನು ಮಣ್ಣಿಗಿಳಿಸಿ ನೆರೆಯವರ ಮೊಳಕೆಯನ್ನೇ ಚಿವುಟುತ್ತದೆ. ಸಬ್ಸಿಡಿ ಕೇಳುವುದಿಲ್ಲ, ಪ್ರಮಾಣಪತ್ರವನ್ನೂ ಕೇಳುವುದಿಲ್ಲ. ಕೀಳಲು ಹೋದವರ ಮೈಗೆ ತುರಿಕೆ ಹಚ್ಚುವುದೂ ಅದೇ ಪಾರ್ಥೆನಿನ್. ಈ ಗಿಡವನ್ನು ಮೇಯಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಜೀರುಂಡೆ ಬಿಟ್ಟರು. ಅದು ಮಳೆಗಾಲದಲ್ಲಿ ಹೊಟ್ಟೆ ತುಂಬ ತಿಂದು ಉಳಿದ ಕಾಲ ಮಣ್ಣೊಳಗೆ ಮಲಗುತ್ತದೆ. ಸರ್ಕಾರಿ ಹುದ್ದೆಗೆ ಬೇಕಾದ ಅರ್ಹತೆ ಎಲ್ಲವೂ ಇದೆ.

ಇನ್ನು ಬಾಟಲ್ ಬ್ರಷ್ ಮರದ ವಂಶಾವಳಿ ನೋಡಿ. 1977ರಲ್ಲಿ ಕ್ಯಾಲಿಫೋರ್ನಿಯಾದ ರಸಾಯನ ಕಂಪನಿಯೊಂದರ ವಿಜ್ಞಾನಿ, ಈ ಮರದ ಬುಡದಲ್ಲಿ ಕಳೆ ಏಳದಿರುವುದನ್ನು ಗಮನಿಸಿದರು. ಹುಡುಕುತ್ತ ಹೋದಾಗ ಸಿಕ್ಕಿದ್ದು ಲೆಪ್ಟೊಸ್ಪರ್ಮೋನ್. ಕಳೆಯನ್ನು ಬಿಳಿಚಿಸಿ ಕೊಲ್ಲುತ್ತದೆ ನಿಜ, ಆದರೆ ಹೊಲಕ್ಕೆ ಸುರಿಯಬೇಕಾದ ಪ್ರಮಾಣ ವಿಪರೀತ. ಆಮೇಲೆ ಪ್ರಯೋಗಾಲಯದಲ್ಲಿ ಅದನ್ನೇ ತಿದ್ದಿ ತೀಡಿ ಮೆಸೊಟ್ರಯೋನ್ ಮಾಡಿದರು. ಇವತ್ತು ಮೆಕ್ಕೆಜೋಳಕ್ಕೆ ಹೊಡೆಯುವ 'ಕೆಮಿಕಲ್' ಅದು. ತಾತ ಸಾತ್ವಿಕ, ಮೊಮ್ಮಗ ರಾಕ್ಷಸ! ಶ್ರಾದ್ಧದ ಪಿಂಡ ಯಾರ ಹೆಸರಿಗೆ ಇಡಬೇಕೆಂದು ಸಾವಯವ ಪಂಡಿತರೇ ಹೇಳಲಿ.

ಎದುರು ಪಾಳಯದವರೂ ಬೀಗಬೇಕಿಲ್ಲ. ಗ್ಲೈಫೋಸೇಟ್ ಎಂಬ ರಾಸಾಯನಿಕ ಕಳೆನಾಶಕವನ್ನು ಪೆಸ್ಟ್ ಕಂಟ್ರೋಲ್ ನಡೆಸುವವರ ಮೂಲಕವಷ್ಟೇ ಬಳಸಬೇಕೆಂದು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಅಂಥವರ ಮುಖವನ್ನೇ ಕಾಣದ ಹಳ್ಳಿಗಳಲ್ಲೂ ಬದುವಿನ ಹುಲ್ಲು ಸಾಲಾಗಿ ಒಣಗಿ ನಿಂತಿರುತ್ತದೆ. ಗ್ರಾಮದೇವತೆಯೇ ಬೆನ್ನಿಗೆ ಪಂಪು ಏರಿಸಿಕೊಂಡು ಹೊರಡುತ್ತಾಳೋ ಏನೋ.

ಹಾಗಾದರೆ ಗಿಡಗಳ ರಸಾಯನದಿಂದ ಉಪಯೋಗವೇ ಇಲ್ಲವೆ? ಇದೆ. ಜೋಳದ ಬೇರು ಸೋರ್ಗೋಲಿಯೋನ್ ಒಸರಿ ಸುತ್ತಲಿನ ಎಳೆ ಕಳೆಯ ದ್ಯುತಿಸಂಶ್ಲೇಷಣೆಗೇ ಕೈ ಹಾಕುತ್ತದೆ. ಪಾಕಿಸ್ತಾನದ ಫೈಸಲಾಬಾದಿನ ಕೃಷಿ ವಿಜ್ಞಾನಿಗಳು ಜೋಳದ ಗಿಡ ನೆನೆಸಿದ ನೀರಿಗೆ 'ಸೋರ್ಗಾಬ್' ಎಂದು ಹೆಸರಿಟ್ಟು ಹೊಲಕ್ಕೆ ಹೊಡೆದು ನೋಡಿದ್ದಾರೆ. ಕಳೆ ತಗ್ಗುತ್ತದೆ, ನಿರ್ನಾಮವಾಗುವುದಿಲ್ಲ. ಪಾರ್ಥೇನಿಯಂ ಜಾಗದಲ್ಲಿ ತಗಚೆ ಬೀಜ ಚೆಲ್ಲಿದರೆ ಅದು ಮೇಲೆದ್ದು ಇದನ್ನು ಹಿಂದಕ್ಕೆ ತಳ್ಳುತ್ತದೆ. ಇವುಗಳಲ್ಲಿ ಒಂದೇ ದೋಷ: ಬಾಟಲಿಗೆ ತುಂಬಿ ಎಂ.ಆರ್.ಪಿ. ಅಂಟಿಸಲು ಬರುವುದಿಲ್ಲ. ಆದ್ದರಿಂದ ಗೋಡೆ ಬರಹವೂ ಇಲ್ಲ, ವಿತರಕರಿಗೆ ವಿದೇಶ ಪ್ರವಾಸವೂ ಇಲ್ಲ.

ಬಾಟಲಿಯಲ್ಲಿ ಬರುವುದು ಹೆಚ್ಚಾಗಿ ವಿನಿಗರಿನ ಆಮ್ಲದಂಥ ಸರಕು. ಮುಟ್ಟಿದ ಎಲೆ ಸುಡುತ್ತದೆ, ಕಳೆಯದೋ ಬೆಳೆಯದೋ ಎಂದು ವಿಚಾರಿಸುವುದಿಲ್ಲ. ಜೇಕಿನ ಗಡ್ಡೆ ಮಾತ್ರ ಮಣ್ಣೊಳಗೆ ಕ್ಷೇಮವಾಗಿದ್ದು ಮತ್ತೆ ಚಿಗುರುತ್ತದೆ. ಹಾಗಾಗಿ ಅಂಗಡಿಯವನು 'ಪ್ಯೂರ್ ಹರ್ಬಲ್ ಸಾರ್' ಎಂದಾಗ ಕೈಮುಗಿಯುವ ಮೊದಲು ಕೇಳಿ: ಎಕರೆಗೆ ಎಷ್ಟು ಬೇಕು? ಬೇರಿಗೆ ಇಳಿಯುತ್ತದೆಯೆ? ಬೆಳೆಯ ಮೇಲೆ ಬಿದ್ದರೆ ಗತಿ ಏನು? ಅವನು ತಡವರಿಸಿದರೆ ಆ ದುಡ್ಡಿನಲ್ಲಿ ಎಡೆಕುಂಟೆ ಹೊಡೆಸಿ.